ಆಗದ ಮ್ಯಾಚಿಗೆ ಹಾಕಿದ ರಜೆ

ರಜೆ ಹಾಕಿದ್ದು ಒಂದೇ ಒಂದು ಮ್ಯಾಚಿಗೆ. 2025ರ ಸೆಪ್ಟೆಂಬರ್ 30, ಮಹಿಳಾ ವಿಶ್ವಕಪ್‌ನ ಮೊದಲ ಪಂದ್ಯ, ಭಾರತ-ಶ್ರೀಲಂಕಾ, ನಮ್ಮ ಚಿನ್ನಸ್ವಾಮಿಯಲ್ಲಿ. ಜೂನ್‌ನಲ್ಲಿ ವೇಳಾಪಟ್ಟಿ ಬಂದ ದಿನವೇ ಮ್ಯಾನೇಜರ್‌ಗೆ ಹೇಳಿಬಿಟ್ಟಿದ್ದೆ, ಆ ವಾರ ನಾನು ಇರೋದಿಲ್ಲ ಅಂತ. ಆಮೇಲೆ ಆಗಿದ್ದು ಗೊತ್ತೇ ಇದೆ. ಜೂನ್ 4ರ ಕಾಲ್ತುಳಿತದ ಕಾರಣಕ್ಕೆ ಪೊಲೀಸರ ಅನುಮತಿ ಸಿಗಲಿಲ್ಲ. ಆಗಸ್ಟ್ 22ಕ್ಕೆ ಬೆಂಗಳೂರಿನ ಹೆಸರೇ ಪಟ್ಟಿಯಿಂದ ಹೋಯಿತು, ನವಿ ಮುಂಬೈ ಬಂತು, ಮೊದಲ ಪಂದ್ಯ ಗುವಾಹಟಿಗೆ ಹೋಯಿತು. ರಜೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ವಾಪಸ್ ಕೊಡೋಣ ಅಂದುಕೊಂಡೆ. ಹೆಂಡತಿಯ ತಮ್ಮ ಬಿಡಲಿಲ್ಲ. "ಭಾವ, ಮ್ಯಾಚ್ ನಮ್ಮ ಹತ್ತಿರ ಬರಲಿಲ್ಲ ಅಂದರೆ ನಾವೇ ಮೈದಾನಗಳ ಹತ್ತಿರ ಹೋಗೋಣ" ಅಂದ. ಅವನಿಗೂ ನನಗೂ ಆಟದ ವಿಷಯದಲ್ಲಿ ಒಂದೇ ಜೀವ. ರಾಜಕೀಯ ಬಂದರೆ ಹಾವು ಮುಂಗುಸಿ. ಅವನು ದೆಹಲಿ ಸರ್ಕಾರದ ಕಡೆ, ನಾನು ಯಾರ ಕಡೆಯೂ ಅಲ್ಲ ಅಂತ ಹೇಳಿಕೊಳ್ಳುವವನು. ಹಾಗೆ ಹೇಳಿಕೊಳ್ಳುವವರೆಲ್ಲ ಕಾಂಗ್ರೆಸ್ಸಿನವರೇ ಅಂತ ಅವನ ವಾದ.

ಮೊದಲ ದಿನ, ಶುಕ್ರವಾರ: ಬೆಂಗಳೂರಿಂದ ಮೈಸೂರಿಗೆ

ರೈಲಿಗೆ ಟೈಮ್ ಇತ್ತು. ಹೊರಡುವ ಮುಂಚೆ ಚಿನ್ನಸ್ವಾಮಿಯನ್ನು ಒಮ್ಮೆ ನೋಡಿಕೊಂಡೇ ಹೋಗೋಣ ಅಂತ ನಾನೇ ಅಂದೆ. ಹೋದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಭಾವಮೈದುನ ರಸ್ತೆ ದಾಟಲೇ ಇಲ್ಲ. ಆಚೆ ಬದಿಯಲ್ಲೇ, ಮರದ ಕೆಳಗೆ, ಬ್ಯಾಗ್ ಹಿಡಿದುಕೊಂಡು ನಿಂತ. ನಾನೊಬ್ಬನೇ ಹೋಗಿ ಗೇಟಿನ ಸರಳು ಮುಟ್ಟಿ ಬಂದೆ.

ಜೂನ್ 4ರಂದು ಅವನು ಇಲ್ಲೇ ಇದ್ದ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್‌ಗಳಿಂದ ಸೋಲಿಸಿತ್ತು. 2008ರಿಂದ ಕಾದಿದ್ದ ಐಪಿಎಲ್ ಕಪ್. ನಮ್ಮ ಬೀದಿಯಲ್ಲಿ ಬೆಳಗಿನ ಜಾವದವರೆಗೆ ಪಟಾಕಿ. ಮರುದಿನ ಮಧ್ಯಾಹ್ನ ಆಫೀಸಿನಿಂದ ಹೊರಡೋಕೆ ನನಗೆ ಆಗಲಿಲ್ಲ, ಅವನು ಹೊರಟ. ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಗೇಟುಗಳ ಹತ್ತಿರದ ಕಾಲ್ತುಳಿತಕ್ಕೆ ಸಿಕ್ಕ ಹನ್ನೊಂದು ಜನ ಮನೆಗೆ ಬರಲೇ ಇಲ್ಲ. ಒಳಗೆ ಕೂರಬಹುದಾದದ್ದು ಸುಮಾರು 35 ಸಾವಿರ ಜನ, ಹೊರಗೆ ಲಕ್ಷಗಟ್ಟಲೆ. ಅದೇ ಹೊತ್ತಿಗೆ ಅತ್ತ ವಿಧಾನಸೌಧದ ಮೆಟ್ಟಿಲ ಮೇಲೆ ಸನ್ಮಾನ, ಪೇಟ, ಹಾರ, ಸೆಲ್ಫಿ. ಏರ್‌ಪೋರ್ಟ್‌ನಲ್ಲಿ ಬಾವುಟ ಬೀಸಿ ಬರಮಾಡಿಕೊಂಡವರು ಉಪ ಮುಖ್ಯಮಂತ್ರಿ. ಮರುದಿನ ಅಮಾನತಾದವರು ಪೊಲೀಸ್ ಕಮಿಷನರ್.

ನಮ್ಮಜ್ಜಿ ಒಂದು ಮಾತು ಹೇಳ್ತಿದ್ದರು, ಗೆದ್ದೆತ್ತಿನ ಬಾಲ ಹಿಡಿಯೋರು ಅಂತ. ಆ ವಾರ ಆ ಮಾತು ಎಷ್ಟು ಸಲ ನೆನಪಾಯಿತೋ. ಗೆದ್ದ ರಾತ್ರಿ ಟೀಮ್ ಎಲ್ಲರದ್ದೂ ಆಗಿತ್ತು. ಆಡಳಿತ ಪಕ್ಷದ್ದು, ವಿರೋಧ ಪಕ್ಷದ್ದು, ಟೀಮಿನ ಒಡೆತನ ಇದ್ದ ಹೆಂಡ ಮಾರುವ ಕಂಪನಿಯದ್ದು, ಕ್ರಿಕೆಟ್ ಸಂಸ್ಥೆಯದ್ದು. ಇಪ್ಪತ್ತನಾಲ್ಕು ಗಂಟೆ ಆಗುವಷ್ಟರಲ್ಲಿ ಯಾರದ್ದೂ ಅಲ್ಲ. ಮುಖ್ಯಮಂತ್ರಿಗಳು ಕುಂಭಮೇಳದಲ್ಲಿ ಸತ್ತವರ ಲೆಕ್ಕ ತೆಗೆದರು. ಬಿಜೆಪಿಯವರು ರಾಜೀನಾಮೆ ಕೇಳಿದರು, ಕುಂಭಮೇಳದಲ್ಲಿ ಯಾರ ರಾಜೀನಾಮೆಯನ್ನೂ ಕೇಳದವರು. ಸಾವನ್ನು ಸ್ಕೋರ್‌ಬೋರ್ಡ್ ಮಾಡಿಕೊಂಡರು, ಅಷ್ಟೇ.

ಇದನ್ನೆಲ್ಲ ರೈಲಿನಲ್ಲಿ ಹೇಳಿದೆ. ಅವನು ಕಿಟಕಿ ಕಡೆ ನೋಡುತ್ತಿದ್ದ. ಬಿಡದಿ ದಾಟಿದ ಮೇಲೆ ಬಾಯಿ ಬಿಟ್ಟ, ಅದೂ ಬೇರೆ ವಿಷಯಕ್ಕೆ. "ಭಾವ, ರಾಮನಗರ ಜಿಲ್ಲೆ ಈಗ ಬೆಂಗಳೂರು ದಕ್ಷಿಣ ಜಿಲ್ಲೆ ಅಲ್ವಾ? ಹಾಗಾದರೆ ನಾವಿನ್ನೂ ಬೆಂಗಳೂರು ಬಿಟ್ಟೇ ಇಲ್ಲ."

ಮದ್ದೂರಿನಲ್ಲಿ ವಡೆ ಬಂತು. ಮಾತು ಕಬಡ್ಡಿಗೆ ತಿರುಗಿತು. ಈ ಮಂಡ್ಯದ ಕಡೆ ಹಬ್ಬ-ಜಾತ್ರೆ ಬಂತೆಂದರೆ ಹೊನಲು ಬೆಳಕಿನ ಕಬಡ್ಡಿ ಇರಲೇಬೇಕು. ನಾನು ಚಿಕ್ಕವನಿದ್ದಾಗ ಮಾವನ ಊರಲ್ಲಿ ನೋಡಿದ್ದೇನೆ, ಗದ್ದೆ ಬಯಲಿನಲ್ಲಿ ಕಂಬ ನೆಟ್ಟು ಲೈಟು, ಮೊದಲ ಬಹುಮಾನಕ್ಕೆ ಟಗರು, ಆ ಟಗರಿಗೂ ಹಾರ. ಫ್ಲೆಕ್ಸ್‌ನಲ್ಲಿ ಮಾತ್ರ ಆಟಗಾರರ ಮುಖ ಇರೋದಿಲ್ಲ. ದೊಡ್ಡ ಸಾಹೇಬರು, ಅವರ ಮಗ, ಕೆಳಗೆ ಅಂಚೆ ಚೀಟಿ ಸೈಜಿನಲ್ಲಿ ಮೂವತ್ತು ಯುವ ಮುಖಂಡರು. ಆದರೂ ಅದರಲ್ಲಿ ಒಂದು ನ್ಯಾಯ ಇತ್ತು, ಹೇಳಲೇಬೇಕು. ಸಾಹೇಬರು ಬಂದು ಮೊದಲ ರೈಡಿಗೆ ನಾಣ್ಯ ಚಿಮ್ಮಿ, ಐದು ನಿಮಿಷ ಮಾತಾಡಿ ಹೋಗೋರು. ಆರನೇ ನಿಮಿಷಕ್ಕೆ ಜನ ಶಿಳ್ಳೆ ಹಾಕೋರು. 2025ರಲ್ಲಿ ಬೆಂಗಳೂರು ಬುಲ್ಸ್ ಆಡೋದು ನೋಡಬೇಕೆಂದರೆ ಟಿವಿಯೇ ಗತಿ ಆಗಿತ್ತು. ಆ ಸಲದ ಪ್ರೊ ಕಬಡ್ಡಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿ ಅಂತ ಸುತ್ತಿತು. ಬೆಂಗಳೂರಿನ ಟೀಮಿಗೆ ಬೆಂಗಳೂರಿನಲ್ಲಿ ಒಂದು ಪಂದ್ಯ ಇರಲಿಲ್ಲ.

ಎರಡನೇ ದಿನ, ಶನಿವಾರ: ಮೈಸೂರು

ಹುಟ್ಟಿದ ಊರಿಗೆ ಪ್ರವಾಸಿಯ ಹಾಗೆ ಬರೋದು ಒಂಥರಾ ಮುಜುಗರ. ದಸರಾ ಲೈಟು ನೋಡೋಕೆ ಬಂದ ಜನರಿಂದ ಊರು ತುಂಬಿ ಹೋಗಿತ್ತು. ಚಿಕ್ಕಮ್ಮನ ಮನೆಯಲ್ಲಿ ಉಳಿದೆವು. ಬಾಗಿಲ ಪಕ್ಕ ಜಾತಿ ಸಮೀಕ್ಷೆಯ ಸ್ಟಿಕ್ಕರ್. ಟೀಚರಮ್ಮ ಬಂದು 60 ಪ್ರಶ್ನೆ ಕೇಳುತ್ತಾರಂತೆ, ಚಿಕ್ಕಮ್ಮ ಆಧಾರ್ ಕಾರ್ಡು ಟೇಬಲ್ ಮೇಲೆ ಜೋಡಿಸಿಟ್ಟುಕೊಂಡು ಕಾಯುತ್ತಿದ್ದರು. ಅರವತ್ತರಲ್ಲಿ ಯಾವ ಟೀಮ್ ಅಂತ ಒಂದೂ ಪ್ರಶ್ನೆ ಇಲ್ಲ ಅಂತ ಭಾವಮೈದುನನ ಬೇಜಾರು.

ಬೆಳಿಗ್ಗೆ ಆರಕ್ಕೆ ಒಂದು ಗರಡಿ ಮನೆಗೆ ಹೋದೆವು. ನನ್ನಪ್ಪ ಹುಡುಗನಾಗಿದ್ದಾಗ ಸಾಮು ಮಾಡಿದ ಗರಡಿ. ತಗ್ಗು ಬಾಗಿಲು, ತಲೆ ಬಗ್ಗಿಸದೆ ಒಳಗೆ ಹೋಗೋಕಾಗಲ್ಲ. ಒಳಗೆ ಕೆಂಪು ಮಣ್ಣಿನ ಮಟ್ಟಿ, ಎಣ್ಣೆ, ಅರಿಶಿನ, ಕರ್ಪೂರ ಎಲ್ಲ ಬೆರೆತ ವಾಸನೆ. ಮೂಲೆಯಲ್ಲಿ ಆಂಜನೇಯ. ಇಬ್ಬರು ಹುಡುಗರು ಪಟ್ಟು ಹಾಕುತ್ತಿದ್ದರು, ಎಪ್ಪತ್ತು ದಾಟಿದ ಉಸ್ತಾದರು ಕಟ್ಟೆ ಮೇಲೆ ಕೂತು ಬಾಯಲ್ಲೇ ಕುಸ್ತಿ ಆಡುತ್ತಿದ್ದರು. ದಸರಾ ಕುಸ್ತಿಗೆ ಜೋಡಿ ಕಟ್ಟುವುದರಿಂದ ಹಿಡಿದು ಬಹುಮಾನದ ಗದೆಯವರೆಗೆ ಎಲ್ಲದಕ್ಕೂ ಶಿಫಾರಸು ಬರುತ್ತದೆ ಅಂತ ಅವರ ದೂರು.

"ಏನ್ ಸ್ವಾಮಿ, ದಸರಾ ಉದ್ಘಾಟನೆ ಗಲಾಟೆ ಆಯ್ತಲ್ಲ, ನೀವೇನಂತೀರಿ?" ಅಂತ ಕೇಳಿದೆ. ಅಂತರರಾಷ್ಟ್ರೀಯ ಬೂಕರ್ ಗೆದ್ದ ಲೇಖಕಿ ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದೀಪ ಹಚ್ಚಬಾರದು ಅಂತ ಕೆಲವರು ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತು ಬಂದು, ಸೆಪ್ಟೆಂಬರ್ 22ಕ್ಕೆ ಅವರೇ ಉದ್ಘಾಟಿಸಿ ಐದು ದಿನ ಆಗಿತ್ತು ಅಷ್ಟೇ. ಉಸ್ತಾದರು ಮಟ್ಟಿ ಕಡೆ ಕೈ ತೋರಿಸಿದರು. "ಅಲ್ಲಿ ಮೇಲಿರೋ ಹುಡುಗ ಸಾಬ್ರ ಹುಡುಗ. ಕೆಳಗಿರೋನು ನಮ್ಮ ಮೊಮ್ಮಗ. ಇಬ್ಬರಲ್ಲಿ ಯಾರ ಬೆನ್ನಿಗೆ ಮಣ್ಣು ಅಂಟುತ್ತೆ ಅನ್ನೋದಷ್ಟೇ ಇಲ್ಲಿ ಲೆಕ್ಕ." ಭಾವಮೈದುನ ಹೊರಗೆ ಬಂದ ಮೇಲೆ ಗೊಣಗಿದ, "ಅದು ಗರಡಿ, ಇದು ದೇವಸ್ಥಾನದ ವಿಷಯ, ಬೇರೆ ಬೇರೆ." ನಾನು ಸುಮ್ನಿದ್ದೆ. ಬೆಳಗಿನ ಕಾಫಿಗೆ ಮುಂಚೆ ಅವನ ಜೊತೆ ವಾದ ಮಾಡಬಾರದು ಅಂತ ಹೆಂಡತಿ ಹೇಳಿ ಕಳಿಸಿದ್ದಳು.

ಕಾಫಿ ಆದ ಮೇಲೆ ಗಂಗೋತ್ರಿ ಗ್ಲೇಡ್ಸ್. ಈ ಮೈದಾನಕ್ಕೆ ಈಗ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರು. 2010ರ ನವೆಂಬರ್‌ನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಅಧ್ಯಕ್ಷರ ಚುನಾವಣೆಯಲ್ಲಿ ಅನಿಲ್ ಕುಂಬ್ಳೆ ಇದೇ ಒಡೆಯರ್ ಅವರನ್ನು ಸೋಲಿಸಿದ್ದರು, ಜೊತೆಗೆ ಶ್ರೀನಾಥ್ ಕಾರ್ಯದರ್ಶಿ. ಅರಮನೆಯ ವಿರುದ್ಧ ಆಟಗಾರರು ಗೆದ್ದಿದ್ದರು ಅಂತ ನಾವೆಲ್ಲ ಕುಣಿದಿದ್ದೆವು. ಮೂರು ವರ್ಷ ಕಳೆದ ಮೇಲೆ ಒಡೆಯರ್ ಮತ್ತೆ ಗೆದ್ದರು, ಗೆದ್ದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈಗ ಅವರ ಮನೆತನದ ಯದುವೀರ್ ಇಲ್ಲಿಯ ಸಂಸದರು.

ನನಗೆ ಈ ಮೈದಾನ ಅಂದರೆ 2010ರ ಜನವರಿ. ರಣಜಿ ಫೈನಲ್, ಕರ್ನಾಟಕ-ಮುಂಬೈ. ನಾನು ಡಿಗ್ರಿ ಹುಡುಗ. ಕ್ಲಾಸಿನಲ್ಲಿ ಒಬ್ಬರೂ ಇರಲಿಲ್ಲ, ಎಲ್ಲ ಇಲ್ಲೇ. ಜಾಗ ಸಾಲದೆ ಹುಡುಗರು ಮರ ಹತ್ತಿದ್ದರು. ನಾಲ್ಕನೇ ಇನಿಂಗ್ಸ್‌ನಲ್ಲಿ 338 ಹೊಡೆಯಬೇಕು. ಮನೀಶ್ ಪಾಂಡೆ 144 ಹೊಡೆದ. ಗಣೇಶ್ ಸತೀಶ್ ಜೊತೆ ಅವನು ಆಡುತ್ತಿದ್ದಾಗ ಕಪ್ ನಮ್ಮದೇ ಅಂದುಕೊಂಡಿದ್ದೆವು. ಆಮೇಲೆ ಅಭಿಷೇಕ್ ನಾಯರ್ ಗಾಳಿಯಲ್ಲಿ ಹಾರಿ ಒಂದು ಕ್ಯಾಚ್ ಹಿಡಿದ. ಅಲ್ಲಿಂದ ವಿಕೆಟ್ ಒಂದರ ಹಿಂದೆ ಒಂದು. ಸೋತಿದ್ದು 6 ರನ್‌ಗಳಿಂದ. ನನ್ನ ಪಕ್ಕ ಕೂತಿದ್ದ, ಹೆಸರೂ ಗೊತ್ತಿಲ್ಲದ ಒಬ್ಬ ಯಜಮಾನರು ನನ್ನ ಭುಜದ ಮೇಲೆ ತಲೆ ಇಟ್ಟು ಅತ್ತರು. ಟಿಕೆಟ್ ಇಲ್ಲ, ಹಾರ ಇಲ್ಲ, ಮಂತ್ರಿ ಇಲ್ಲ. ಅಷ್ಟು ಜನ ಸೇರಿದ್ದರೂ ಸಂಜೆ ಎಲ್ಲರೂ ಸೈಕಲ್ ತಗೊಂಡು ಮನೆಗೆ ಹೋದೆವು.

ಆರು ರನ್‌ನಲ್ಲಿ ಸೋತಾಗ ಎಲ್ಲರೂ ಮನೆಗೆ ಬಂದರು, ಆರು ರನ್‌ನಲ್ಲಿ ಗೆದ್ದಾಗ ಹನ್ನೊಂದು ಜನ ಬರಲಿಲ್ಲ. ಇದನ್ನು ಅವನಿಗೆ ಹೇಳಲಿಲ್ಲ. ಮನಸ್ಸಿನಲ್ಲೇ ಇಟ್ಟುಕೊಂಡೆ.

ಸಂಜೆ ದೀಪಾಲಂಕಾರ ನೋಡಿ ಕಾಲು ನೋಯಿಸಿಕೊಂಡು ಮನೆಗೆ ಬಂದರೆ ಚಿಕ್ಕಮ್ಮ ಟಿವಿ ಮುಂದೆ ಬಾಯಿ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು. ತಮಿಳುನಾಡಿನ ಕರೂರು. ನಟ ವಿಜಯ್ ಅವರ ಪಕ್ಷದ ಸಭೆ, ಕಾಲ್ತುಳಿತ. ಸಂಖ್ಯೆ ಏರುತ್ತಲೇ ಇತ್ತು, ಮಕ್ಕಳೂ ಇದ್ದರು. ಕೊನೆಗೆ 41. ಟಿವಿಯಲ್ಲಿ ಸಭೆಯ ಹಳೆಯ ದೃಶ್ಯದ ಮೇಲೆ "ಜನಸಾಗರ" ಅಂತ ಬರೆದಿದ್ದನ್ನು ಯಾರೋ ತೆಗೆಯೋದನ್ನೇ ಮರೆತಿದ್ದರು. ಭಾವಮೈದುನ ಎದ್ದು ಹೋಗಿ ಮಹಡಿ ಮೇಲೆ ನಿಂತ. ನಾನೂ ಹೋದೆ. ತುಂಬಾ ಹೊತ್ತಿನ ಮೇಲೆ ಹೇಳಿದ, ಜೂನ್‌ನಲ್ಲಿ ಹೇಳದೇ ಇದ್ದದ್ದನ್ನು. "ಕೆಳಗೆ ಯಾರೋ ಇದ್ದರು ಭಾವ. ಕಾಲಿಗೆ ಮೆತ್ತಗೆ ಸಿಕ್ಕಿತು. ಬಗ್ಗೋಕೆ ಆಗಲಿಲ್ಲ. ಚಪ್ಪಲಿ ಅಲ್ಲೇ ಹೋಗಿದ್ದು."

ನಾಯಕರಿಗೆ ಬೇಕಿರೋದು ಜನಸಾಗರ. ಡ್ರೋನ್‌ನಿಂದ ತೆಗೆದ ಫೋಟೋದಲ್ಲಿ ತಲೆಗಳು ಸಾಸಿವೆ ಚೆಲ್ಲಿದ ಹಾಗೆ ಕಾಣಬೇಕು. ಸ್ಟೇಡಿಯಂ ಆದರೇನು, ಚುನಾವಣಾ ಸಭೆಯಾದರೇನು. ನನ್ನಂಥವನಿಗೆ ಬೇಕಿರೋದು ನಂಬರ್ ಇರುವ ಒಂದು ಸೀಟು, ಒಂದು ಬಾಟಲಿ ನೀರು, ಹೋಗೋಕೊಂದು ದಾರಿ, ಬರೋಕೊಂದು ದಾರಿ.

ಮೂರನೇ ದಿನ, ಭಾನುವಾರ: ಮಡಿಕೇರಿ

ಹುಣಸೂರು, ಕುಶಾಲನಗರ ದಾಟಿ ಬಸ್ಸು ಘಟ್ಟ ಹತ್ತುವಾಗ ಇಬ್ಬರೂ ನಿದ್ದೆ ಮಾಡಿದೆವು. ಅದರ ಬಗ್ಗೆ ಬರೆಯೋದು ಏನೂ ಇಲ್ಲ.

ಮಡಿಕೇರಿಯಲ್ಲಿ ಹೋಂಸ್ಟೇ ನಡೆಸುವ ಆಂಟಿ ತಮ್ಮ ಒಕ್ಕದ ಟೀಮಿಗೆ ಗೋಲ್‌ಕೀಪರ್ ಆಗಿದ್ದವರು. ತಮಾಷೆ ಅಲ್ಲ. ಕೊಡವ ಹಾಕಿ ಹಬ್ಬದಲ್ಲಿ ಟೀಮ್ ಅಂದರೆ ಮನೆತನ. ತಾತ, ಮೊಮ್ಮಗ, ಮದುವೆಯಾಗಿ ಹೋದ ಮಗಳು, ಎಲ್ಲರೂ ಒಂದೇ ಜರ್ಸಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದಾಗ 60 ಒಕ್ಕ. 2025ರ ಮುದ್ದಂಡ ಕಪ್‌ನಲ್ಲಿ 396. ಪ್ರತಿ ವರ್ಷ ಒಂದೊಂದು ಒಕ್ಕ ಹೊಣೆ ಹೊತ್ತು ನಡೆಸುತ್ತದೆ. ಸರ್ಕಾರದ ಹಣವೂ ಸ್ವಲ್ಪ ಬರುತ್ತದೆ, ಆದರೆ ಹಬ್ಬ ನಿಂತಿರೋದು ಮನೆತನದ ಮರ್ಯಾದೆಯ ಮೇಲೆ. ನಮ್ಮಲ್ಲಿ ಕುಟುಂಬ ರಾಜಕಾರಣ ಅಂತ ಬೈಯುತ್ತೇವಲ್ಲ, ಕುಟುಂಬದವರೆಲ್ಲ ಸೇರಿ ಮಾಡಬಹುದಾದ ಒಳ್ಳೆಯ ಕೆಲಸ ಇದೊಂದೇ ಇರಬೇಕು.

ಮಧ್ಯಾಹ್ನ ಜನರಲ್ ತಿಮ್ಮಯ್ಯ ಸ್ಟೇಡಿಯಂ ಕಡೆ ನಡೆದು ಹೋದೆವು. ಖಾಲಿ. ಕೊಡಗಿನಿಂದ ಬಂದ ಹಾಕಿ ಆಟಗಾರರನ್ನು ಎಣಿಸಿ: ಎಂ.ಪಿ. ಗಣೇಶ್, 1975ರ ವಿಶ್ವಕಪ್ ಗೆದ್ದ ಬಿ.ಪಿ. ಗೋವಿಂದ, ಮಾಸ್ಕೋದಲ್ಲಿ ಚಿನ್ನ ಗೆದ್ದ ಸೋಮಯ್ಯ, ಆಮೇಲೆ ಅರ್ಜುನ್ ಹಾಲಪ್ಪ, ರಘುನಾಥ್, ಸುನಿಲ್. ಇಷ್ಟು ಸಣ್ಣ ಜಿಲ್ಲೆ. ಹಾಗಿದ್ದರೂ ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡಗಳಲ್ಲಿ ಕೊಡಗಿನವರು ಒಬ್ಬರೂ ಇಲ್ಲ. 2018ರಿಂದ ಒಡಿಶಾ ಸರ್ಕಾರ ಇಡೀ ರಾಷ್ಟ್ರೀಯ ತಂಡದ ಖರ್ಚಿಗೆ ನಿಂತಿದೆ. ನವೀನ್ ಪಟ್ನಾಯಕ್ 2024ರಲ್ಲಿ ಸೋತರು, ಹೊಸ ಸರ್ಕಾರ ಬಂತು, ಆದರೂ ಹಾಕಿಗೆ ಕೊಡುವುದು ನಿಲ್ಲಲಿಲ್ಲ. ನಾನು ರಾಜಕೀಯದಿಂದ ಕೇಳೋದು ಇಷ್ಟೇ. ನಮ್ಮಲ್ಲಿ ಸರ್ಕಾರ ಬದಲಾದರೆ ಮೊದಲು ಬದಲಾಗೋದು ಶಂಕುಸ್ಥಾಪನೆಯ ಕಲ್ಲು.

ಆ ದಿನವೇ ಮುಂಬೈಯಲ್ಲಿ ಬಿಸಿಸಿಐ ಸಭೆ. ರೋಜರ್ ಬಿನ್ನಿ ಹೋದ ಜಾಗಕ್ಕೆ ಅಧ್ಯಕ್ಷರಾಗಿ ಮಿಥುನ್ ಮನ್ಹಾಸ್ ಬಂದರು, ನಮ್ಮ ರಘುರಾಮ್ ಭಟ್ ಖಜಾಂಚಿ. ಭಾವಮೈದುನನಿಗೆ ಭಟ್ ಯಾರು ಅಂತಲೇ ಗೊತ್ತಿಲ್ಲ! 1982ರ ರಣಜಿ ಸೆಮಿಫೈನಲ್‌ನಲ್ಲಿ ಅವರ ಸ್ಪಿನ್ ಆಡೋಕಾಗದೆ ಸುನಿಲ್ ಗವಾಸ್ಕರ್ ಎಡಗೈಯಲ್ಲಿ ಬ್ಯಾಟ್ ಮಾಡಿದ ಕಥೆ ಹೇಳಿದೆ. ನಂಬಲಿಲ್ಲ. ಫೋನಿನಲ್ಲಿ ಹುಡುಕಿ ನೋಡಿದ ಮೇಲೆ ನಂಬಿದ.

ರಾತ್ರಿ ಏಷ್ಯಾ ಕಪ್ ಫೈನಲ್, ಪಾಕಿಸ್ತಾನದ ಮೇಲೆ. ಆಂಟಿ ಪಂದಿಕರಿ ಬಡಿಸಿ ತಾವೂ ಸೋಫಾದಲ್ಲಿ ಕೂತರು. 113ಕ್ಕೆ 1 ಇದ್ದವರು 146ಕ್ಕೆ ಆಲೌಟ್. ಕುಲದೀಪ್‌ಗೆ ನಾಲ್ಕು. ನಮ್ಮದೂ 20ಕ್ಕೆ 3. ಆಂಟಿ ಟಿವಿ ಆಫ್ ಮಾಡಿ ಅಂದರು. ತಿಲಕ್ ವರ್ಮಾ 69 ಹೊಡೆದು ನಿಂತ, ಗೆದ್ದೆವು, ಮೂವರೂ ಕೂಗಾಡಿದೆವು, ನಾಯಿ ಬೊಗಳಿತು. ಆಮೇಲೆ ಕಪ್ ಕೊಡೋದನ್ನು ನೋಡೋಣ ಅಂತ ಕೂತರೆ ಕಪ್ಪೇ ಇಲ್ಲ. ಒಂದು ಗಂಟೆಗೂ ಜಾಸ್ತಿ ಕಾದೆವು. ಏಷ್ಯಾ ಕ್ರಿಕೆಟ್ ಮಂಡಳಿಯ ಅಧ್ಯಕ್ಷ, ಪಾಕಿಸ್ತಾನದ ಗೃಹ ಮಂತ್ರಿಯೂ ಆಗಿದ್ದ ಮೊಹ್ಸಿನ್ ನಖ್ವಿ ಕೈಯಿಂದ ತಗೊಳ್ಳಲ್ಲ ಅಂತ ನಮ್ಮವರು. ಕೊನೆಗೆ ಸೂರ್ಯಕುಮಾರ್ ಇಲ್ಲದ ಕಪ್ಪನ್ನು ಎತ್ತಿದ ಹಾಗೆ ನಟಿಸಿದ. ಪ್ರಧಾನಿಗಳು ಇದನ್ನು ಆಟದ ಮೈದಾನದ ಆಪರೇಷನ್ ಸಿಂಧೂರ ಅಂದರು.

ಇಲ್ಲಿ ನಮ್ಮಿಬ್ಬರಿಗೆ ಜಗಳ ಆಯಿತು, ಜೋರಾಗಿಯೇ. ನನ್ನ ಮಾತು ಸರಳ. ಆಡಬಾರದು ಅನ್ನೋದಾದರೆ ಆಡಬೇಡಿ, ನಾನೂ ಒಪ್ಪುತ್ತೇನೆ. ಮೂರು ಸಲ ಆಡಿ, ಮೂರು ಸಲದ ಜಾಹೀರಾತಿನ ದುಡ್ಡು ಎಣಿಸಿ, ಕೈ ಮಾತ್ರ ಕೊಡಲ್ಲ ಅಂದರೆ ಅದು ಯಾವ ಸೀಮೆ ಸಿಟ್ಟು? ಅವನು ತಟ್ಟೆ ಕೆಳಗಿಟ್ಟ. "ಪಹಲ್ಗಾಮ್‌ನಲ್ಲಿ ಶಿವಮೊಗ್ಗದವರೂ ಸತ್ತರು ಭಾವ. ಹೆಂಡತಿ ಮಗನ ಕಣ್ಣೆದುರೇ. ನಿಮಗೆ ಕೈ ಕುಲುಕೋದೇ ದೊಡ್ಡದಾ?" ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆಂಟಿ ಮಾತ್ರ ಪಾತ್ರೆ ಎತ್ತುತ್ತಾ, "ನಮ್ಮ ಮನೆಯಲ್ಲಿ ಮೂವರು ಮಿಲಿಟರಿ. ಗುಂಡು ಹಾರಿಸೋರು ಯಾರೂ ಅದನ್ನ ಆಟ ಅನ್ನಲ್ಲ ನೋಡಿ" ಅಂದು ಒಳಗೆ ಹೋದರು.

ನಾಲ್ಕನೇ ದಿನ, ಸೋಮವಾರ: ಪುತ್ತೂರು, ಮಂಗಳೂರು

ಬೆಳಿಗ್ಗೆ ಮಾತಿಲ್ಲ. ಸಂಪಾಜೆ ಘಾಟಿ ಇಳಿಯುವವರೆಗೂ ಮಾತಿಲ್ಲ. ಸುಳ್ಯದಲ್ಲಿ ಗೋಳಿಬಜೆ ತಿನ್ನುವಾಗ ಅವನೇ ಕೆ.ಎಲ್. ರಾಹುಲ್ ವಿಷಯ ತೆಗೆದ. ಸುರತ್ಕಲ್‌ನಲ್ಲಿ ಬೆಳೆದ ಹುಡುಗ, ಏಪ್ರಿಲ್ 10ಕ್ಕೆ ಡೆಲ್ಲಿಗೆ ಆಡಿ, ಚಿನ್ನಸ್ವಾಮಿಯಲ್ಲಿ ನಮ್ಮ ಮೇಲೆಯೇ 93 ಹೊಡೆದು, ಬ್ಯಾಟಿನಿಂದ ನೆಲಕ್ಕೆ ಗೆರೆ ಎಳೆದು ಇದು ನನ್ನ ಜಾಗ ಅಂತ ತೋರಿಸಿದ್ದ. ಆ ರಾತ್ರಿ ನಾನು ಬೈದೆ, ಒಳಗೊಳಗೇ ಖುಷಿಪಟ್ಟೆ.

"ಆರ್‌ಸಿಬಿಗೆ ಸ್ಥಳೀಯ ಮೀಸಲಾತಿ ತರಬೇಕು ಭಾವ" ಅಂದ. 2024ರ ಜುಲೈನಲ್ಲಿ ನಮ್ಮ ಸರ್ಕಾರ ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗೆ ಶೇ 50, ಉಳಿದದ್ದಕ್ಕೆ ಶೇ 70 ಕನ್ನಡಿಗರು ಅಂತ ಮಸೂದೆಗೆ ಸಂಪುಟದಲ್ಲಿ ಒಪ್ಪಿ, ಉದ್ಯಮಿಗಳು ಕೂಗಿದ ಕೂಡಲೇ ತಡೆ ಹಿಡಿಯಿತಲ್ಲ, ಅದರ ಲೆಕ್ಕ. ಬ್ಯಾಟಿಂಗ್ ಆಡಳಿತ ಹುದ್ದೆಯಾ, ಬೌಲಿಂಗಾ? ಫೀಲ್ಡಿಂಗ್‌ಗೆ ಶೇ 70 ಅಂದರೆ ಹೆಚ್ಚು ಕಡಿಮೆ ಏಳು ಮುಕ್ಕಾಲು ಜನ. ಫೈನಲ್ ಆಡಿದ ಹನ್ನೊಂದು ಜನರಲ್ಲಿ ಕನ್ನಡಿಗ ಮಯಂಕ್ ಅಗರ್ವಾಲ್ ಒಬ್ಬನೇ. ಆದರೂ ಅದು ನಮ್ಮ ಟೀಮೇ. ಕೊಹ್ಲಿಗೆ ಹದಿನೆಂಟು ವರ್ಷ ಆಯಿತು, ರೇಷನ್ ಕಾರ್ಡ್ ಕೊಡಬಹುದು. ಆದರೆ ಹದಿನೆಂಟು ವರ್ಷ ಆರ್‌ಸಿಬಿಗೆ ಕಣ್ಣೀರು ಹಾಕಿದ ಜನರಲ್ಲಿ, ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ, 2025ರ ಜನವರಿಯಲ್ಲಿ ವಿದರ್ಭವನ್ನು ಸೋಲಿಸಿ ಐದನೇ ಸಲ ವಿಜಯ್ ಹಜಾರೆ ಗೆದ್ದಿದೆ ಅಂತ ಎಷ್ಟು ಜನಕ್ಕೆ ಗೊತ್ತು? ಆ ಗೆಲುವಿಗೆ ವಿಧಾನಸೌಧದ ಮೆಟ್ಟಿಲು ಯಾರೂ ಗುಡಿಸಲಿಲ್ಲ. ಇರಲಿ, ಒಳ್ಳೆಯದೇ ಆಯಿತು.

ಪುತ್ತೂರಿನ ಹತ್ತಿರ ಪರಿಚಯದವರೊಬ್ಬರ ಮನೆಯಲ್ಲಿ ಕಂಬಳದ ಕೋಣಗಳಿವೆ. ಕಂಬಳ ಶುರುವಾಗೋದು ನವೆಂಬರ್‌ಗೆ. ಕೋಣಗಳು ತಣ್ಣಗೆ ಕೆರೆಯಲ್ಲಿ ಈಜುತ್ತಿದ್ದವು. ಮೈಗೆ ಎಣ್ಣೆ, ಊಟಕ್ಕೆ ಹುರುಳಿ, ಸೆಕೆಗೆ ಫ್ಯಾನ್. ನನ್ನ ಮನೆಯಲ್ಲಿ ನನಗೆ ಇಷ್ಟಿಲ್ಲ. ಯಜಮಾನರು ಹಗ್ಗ ಹಿರಿಯ, ನೇಗಿಲು ಕಿರಿಯ, ಅಡ್ಡ ಹಲಗೆ, ಕನೆಹಲಗೆ ಅಂತ ವಿಭಾಗಗಳನ್ನು ವಿವರಿಸಿದರು. ಜಲ್ಲಿಕಟ್ಟು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪು, 2016ರಲ್ಲಿ ಕಂಬಳಕ್ಕೆ ಹೈಕೋರ್ಟ್ ತಡೆ, 2017ರಲ್ಲಿ ವಿಧಾನಸಭೆಯಲ್ಲಿ ಎಲ್ಲ ಪಕ್ಷಗಳೂ ಒಟ್ಟಾಗಿ ತಂದ ತಿದ್ದುಪಡಿ, ಕಂಬಳಕ್ಕೆ ಒಪ್ಪಿದ 2023ರ ಮೇ 18ರ ಸಂವಿಧಾನ ಪೀಠದ ತೀರ್ಪು, ಎಲ್ಲ ಅವರಿಗೆ ಬಾಯಿಪಾಠ. ವಕೀಲರಿಗಿಂತ ಚೆನ್ನಾಗಿ ಹೇಳಿದರು. ಕರಾವಳಿಯಲ್ಲಿ ಕಾಂಗ್ರೆಸ್ಸು-ಬಿಜೆಪಿ ಒಂದೇ ಮಾತು ಆಡಿದ ಬೇರೆ ವಿಷಯ ನನಗೆ ನೆನಪಿಲ್ಲ.

2020ರಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಹಾದಿ) 13.62 ಸೆಕೆಂಡಿನಲ್ಲಿ ಓಡಿದಾಗ ಇಡೀ ದೇಶ ಬೋಲ್ಟ್ ಬೋಲ್ಟ್ ಅಂತ ಕೂಗಿ, ಕೇಂದ್ರ ಕ್ರೀಡಾ ಮಂತ್ರಿ ಟ್ರಯಲ್‌ಗೆ ಕರೆದದ್ದನ್ನು ನೆನಪಿಸಿದೆ. ಅವರು ನಕ್ಕರು. "ಎಂತ ಮಾರಾಯ್ರೆ, ಮುಂದೆ ಎರಡು ಕೋಣ ಎಳೆಯುವಾಗ ಓಡುವುದಕ್ಕೂ ಒಬ್ಬನೇ ಓಡುವುದಕ್ಕೂ ವ್ಯತ್ಯಾಸ ಇಲ್ವಾ? ಆ ಹುಡುಗನಿಗೆ ಗೊತ್ತಿತ್ತು, ಅದಕ್ಕೇ ಹೋಗಲಿಲ್ಲ. ಮಂತ್ರಿಗೆ ಗೊತ್ತಿರಲಿಲ್ಲ."

ಆಗ ನಾನು ಗೆದ್ದೆತ್ತಿನ ಬಾಲದ ಗಾದೆ ಹೇಳಿದೆ, ರಾಜಕಾರಣಿಗಳನ್ನು ಬೈಯೋಕೆ. ಅವರಿಗೆ ಅದು ಹಿಡಿಸಲಿಲ್ಲ. "ಹಲಗೆಯ ಮೇಲೆ ನಿಂತವ ಬಾಲ ಹಿಡಿದೇ ಬರುವುದು. ಆದರೆ ಅವ ಕೆಸರು ತಿಂತಾನೆ. ನಿಮ್ಮವರು ಕೆಸರು ತಿಂತಾರಾ?"

ಮಂಗಳೂರಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಕುದ್ರೋಳಿಯ ದೀಪ, ಬೀದಿಯಲ್ಲಿ ತಾಸೆ ಪೆಟ್ಟು, ಹುಲಿವೇಷ. ಹುಲಿಯೊಂದು ಹಲ್ಲಿನಲ್ಲೇ ಅಕ್ಕಿಮುಡಿ ಕಚ್ಚಿ ಹಿಂದಕ್ಕೆ ಎಸೆಯಿತು. ವೇದಿಕೆಯ ಹಿಂದೆ ಮತ್ತದೇ ಫ್ಲೆಕ್ಸ್, ಅದೇ ನಗು. ಇಬ್ಬರೂ ರಾತ್ರಿ ಬಸ್ಸು ಹತ್ತಿದೆವು.

ಐದನೇ ದಿನ, ಮಂಗಳವಾರ: ಮತ್ತೆ ಬೆಂಗಳೂರು

ಮೆಜೆಸ್ಟಿಕ್‌ನಲ್ಲಿ ಇಳಿದು ಮುಖ ತೊಳೆದು ತಿಂಡಿ ತಿಂದು ಕಂಠೀರವ ಕಡೆ ನಡೆದೆವು. ಮಾಮೂಲಿ ವರ್ಷ ಆಗಿದ್ದರೆ ಈ ಹೊತ್ತಿಗೆ ಐಎಸ್‌ಎಲ್ ಫುಟ್‌ಬಾಲ್ ಲೀಗ್ ಶುರುವಾಗಿ, ವೆಸ್ಟ್ ಬ್ಲಾಕ್‌ನಲ್ಲಿ ನೀಲಿ ಜರ್ಸಿ ತುಂಬಿರಬೇಕಿತ್ತು. ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಮೇಲೆ ಹೆಚ್ಚುವರಿ ಸಮಯದಲ್ಲಿ 2-1ರಿಂದ ಫೈನಲ್ ಸೋತ ನಮ್ಮ ಬೆಂಗಳೂರು ಎಫ್‌ಸಿ, ಆಗಸ್ಟ್‌ನಲ್ಲಿ ಆಟಗಾರರ ಸಂಬಳವನ್ನೇ ನಿಲ್ಲಿಸಬೇಕಾಯಿತು. ಲೀಗ್ ನಡೆಸುವ ಕಂಪನಿಗೂ ಫುಟ್‌ಬಾಲ್ ಫೆಡರೇಷನ್ನಿಗೂ ಒಪ್ಪಂದದ ತಕರಾರು. ಫೆಡರೇಷನ್ ಅಧ್ಯಕ್ಷರು ಬಿಜೆಪಿಯವರು ಅಂತ ನಾನು ಶುರು ಮಾಡುವಷ್ಟರಲ್ಲಿ ಅವನು, ಅವರು ಹಳೆಯ ಗೋಲ್‌ಕೀಪರ್ ಕೂಡ ಅಂದ. ಎರಡೂ ನಿಜ. ಆಗಸ್ಟ್‌ನಲ್ಲಿ ಸಂಸತ್ತು ಕ್ರೀಡಾ ಆಡಳಿತ ಕಾಯ್ದೆ ಪಾಸು ಮಾಡಿತು, ಬಿಸಿಸಿಐ ಕೂಡ ಅದರೊಳಗೆ ಬರುತ್ತದೆ. ಆದರೆ ಮಾಹಿತಿ ಹಕ್ಕು ಮಾತ್ರ ಸರ್ಕಾರದ ದುಡ್ಡು ತಗೊಳ್ಳುವ ಸಂಸ್ಥೆಗಳಿಗಷ್ಟೇ. ದುಡ್ಡು ಬೇಡದ ಬಿಸಿಸಿಐಗೆ ನಾವು ಪ್ರಶ್ನೆ ಕೇಳೋ ಹಾಗಿಲ್ಲ. ಇದನ್ನು ಅವನೂ ಒಪ್ಪಿದ. ಐದು ದಿನದಲ್ಲಿ ರಾಜಕೀಯಕ್ಕೆ ಸಂಬಂಧಿಸಿ ನಾವಿಬ್ಬರೂ ಒಪ್ಪಿದ್ದು ಇದು ಮೊದಲನೆಯದು.

ಎರಡನೆಯದು ಟಿಕೆಟ್. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯಿತು ಅಂತ ಊರೆಲ್ಲ ಹಬ್ಬ, ಐಪಿಎಲ್ ಟಿಕೆಟ್‌ಗೆ ಮಾತ್ರ 28ರಿಂದ 40ಕ್ಕೆ ಏರಿತು. ಸಾವಿರದ ಟಿಕೆಟ್ 1,280 ಇದ್ದದ್ದು ಇನ್ನು 1,400. ರಾಜ್ಯ ಸರ್ಕಾರದ ಯೋಜನೆ ಇನ್ನೂ ದೊಡ್ಡದು, ಸೂರ್ಯನಗರದಲ್ಲಿ 1,650 ಕೋಟಿಯ, 80 ಸಾವಿರ ಸೀಟಿನ ಸ್ಟೇಡಿಯಂ. 35 ಸಾವಿರದ ಗೇಟು ಕಾಯೋಕೆ ಆಗದವರು 80 ಸಾವಿರದ್ದನ್ನು ಕಾಯುತ್ತಾರಂತೆ.

ಮಧ್ಯಾಹ್ನ ಮೂರಕ್ಕೆ ಗುವಾಹಟಿಯಲ್ಲಿ ಮ್ಯಾಚ್ ಶುರು. ಅಷ್ಟು ಹೊತ್ತಿಗೆ ನಾವು ಚಿನ್ನಸ್ವಾಮಿ ಎದುರು ಇದ್ದೆವು. ಯಾಕೆ ಅಂತ ಕೇಳಬೇಡಿ, ಇಬ್ಬರಲ್ಲಿ ಯಾರೂ ಮೊದಲು ಹೇಳಲಿಲ್ಲ, ಕಾಲು ಬಂದುಬಿಟ್ಟವು. ಮತ್ತೆ ಆಚೆ ಬದಿಯ ಮರದ ಕೆಳಗೇ. ಫೋನನ್ನು ಬ್ಯಾಗಿಗೆ ಒರಗಿಸಿ ಕಟ್ಟೆ ಮೇಲೆ ಕೂತೆವು. ಅಲ್ಲಿ ತೀರಿಕೊಂಡಿದ್ದ ಅಸ್ಸಾಮಿ ಗಾಯಕ ಜುಬೀನ್ ಗರ್ಗ್‌ಗೆ ಗೌರವ ಸಲ್ಲಿಸಿದರು, ಮಳೆ ಬಂದು ನಿಂತಿತು, ಹೋಯಿತು, ಮತ್ತೆ ಬಂತು. ನೂರು ರೂಪಾಯಿಯ ಟಿಕೆಟ್, ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನ. ಅಸೂಯೆ ಆಯಿತು, ಸುಳ್ಳು ಹೇಳೋದಿಲ್ಲ. 120ಕ್ಕೆ 2 ಇದ್ದದ್ದು ನೋಡುನೋಡುತ್ತಾ 124ಕ್ಕೆ 6. ಅವನು ತಲೆ ಮೇಲೆ ಕೈ ಹೊತ್ತ. ಆಮೇಲೆ ದೀಪ್ತಿ ಮತ್ತು ಅಮನ್‌ಜೋತ್ ನಿಂತುಬಿಟ್ಟರು.

ಎದುರಿನ ಗೇಟಿನಲ್ಲಿ ಸೆಕ್ಯುರಿಟಿಯವರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮನ್ನು ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ, ಎದ್ದು ನಿಂತು ಕೈ ತಿರುಗಿಸಿ ಕೇಳಿದರು, ಎಷ್ಟಾಯ್ತು ಅಂತ. ನಾನು ಬೆರಳಲ್ಲಿ ತೋರಿಸೋಕೆ ಹೋದೆ, ಬಸ್ಸು ಅಡ್ಡ ಬಂತು. ಮತ್ತೆ ಕೇಳಿದರು. ಭಾವಮೈದುನ ಫೋನ್ ಎತ್ತಿಕೊಂಡ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಸಿಗ್ನಲ್ ಬೀಳುವವರೆಗೆ ಕಾದ. ಆಮೇಲೆ ರಸ್ತೆ ದಾಟಿ ಹೋಗಿ ಗೇಟಿನ ಸರಳಿನ ಸಂದಿಯಲ್ಲಿ ಫೋನ್ ಹಿಡಿದು ನಿಂತ.